ಒಂದು ಮೋರಿ, ಇಬ್ಬರು ನೆಗೆಣ್ಣಿಯರು

ಸವಣೂರಿನ ಎಲೆಪೇಟೆಯ ಹಿಂದಿನ ಓಣಿಯಲ್ಲಿ ಸಿದ್ದವ್ವನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಬೇರೆ ಮನೆಗಳ ಮುಂದೆ ಒದ್ದೆ ಗೋಣಿಚೀಲದ್ದು, ವೀಳ್ಯದೆಲೆಯದು, ಆಗಷ್ಟೇ ಸಾರಿಸಿದ ಸಗಣಿಯದು ವಾಸನೆ. ಸಿದ್ದವ್ವನ ಮನೆಯ ಮುಂದೆ ಫಿನಾಯಿಲಿನದು. ಹೊಸಬರು ಯಾರಾದರೂ ಆ ಕಡೆ ಬಂದರೆ ಮೂಗಿಗೆ ಸೆರಗೋ ರುಮಾಲೋ ಹಿಡಿದು, “ಇಲ್ಲಿ ಯಾರರೆ ಸತ್ತಾರೇನು?” ಎಂದು ಕೇಳುತ್ತಿದ್ದರು. “ಯಾರೂ ಸತ್ತಿಲ್ಲ, ಸಾಯ್ಲಿ ಅಂತ ಹಾಕ್ಯಾರ,” ಎಂದು ಓಣಿಯವರು ಗೋಡೆಯ ಆಚೆಬದಿಯ ಮನೆಯನ್ನು ಕಣ್ಣಲ್ಲೇ ತೋರಿಸುತ್ತಿದ್ದರು.

ಆಚೆಬದಿಯ ಮನೆ ವೀರವ್ವನದು. ಸಿದ್ದವ್ವನ ಗಂಡನ ಅಣ್ಣನ ಹೆಂಡತಿ. ಇಬ್ಬರೂ ವಿಧವೆಯರು, ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರೂ ಗಂಡುಮಕ್ಕಳ ಮನೆಯಲ್ಲಿ ಇನ್ನೂ ತಾವೇ ಯಜಮಾನಿಯರು. ಒಂದು ಕಾಲಕ್ಕೆ ಅದು ಒಂದೇ ಮನೆಯಾಗಿತ್ತು. ಒಂದೇ ಪಡಸಾಲೆ, ಒಂದೇ ಒಲೆ, ಒಂದೇ ಬಚ್ಚಲು. ಎಲೆವ್ಯಾಪಾರದ ಮನೆತನ. ಬುಟ್ಟಿಗಟ್ಟಲೆ ಎಲೆ ಬಂಡಿಯಲ್ಲಿ ಯಲವಿಗಿ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ರೈಲು ಹತ್ತುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಸಿದ್ದವ್ವ ವೀರವ್ವನನ್ನು “ಅಕ್ಕ” ಎಂದೇ ಕರೆಯುತ್ತಿದ್ದಳು. ಅವಳ ಕೈಲೇ ತಲೆ ಬಾಚಿಸಿಕೊಳ್ಳುತ್ತಿದ್ದಳು. ಇದನ್ನು ಈಗ ಹೇಳಿದರೆ ಸಿದ್ದವ್ವನ ಸೊಸೆಯೂ ನಂಬುತ್ತಿರಲಿಲ್ಲ.

ಹಗೆ ಹುಟ್ಟಿದ್ದು ಪ್ಲೇಗಿನ ವರ್ಷ. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು. ಎಲ್ಲರಿಗೂ ಗೊತ್ತಿದ್ದ ಮಾತು. ಒಂದು ಮುಂಜಾನೆ ಸಿದ್ದವ್ವ ತಾನು ಮಲಗುವ ಕೋಣೆಯ ಮೂಲೆಯಲ್ಲಿ, ಕಾಳಿನ ಗಡಿಗೆಗಳ ಹಿಂದೆ, ಸತ್ತ ಇಲಿಯನ್ನು ಕಂಡಳು. ಇಲಿ ಒಣಗಿತ್ತು, ಅಂದು ಸತ್ತದ್ದಲ್ಲ. ಅದರ ಮೈಗೆ ಹತ್ತಿದ್ದ ಬೂದಿ ಅವಳ ಕೋಣೆಯದಾಗಿರಲಿಲ್ಲ, ಅಡಿಗೆಮನೆಯದು. ಅಡಿಗೆಮನೆ ಆ ವಾರ ವೀರವ್ವನ ಪಾಳಿಯಲ್ಲಿತ್ತು. ಒಲೆಯ ಬಳಿ ಬಿದ್ದ ಇಲಿಯನ್ನು ವೀರವ್ವ ಯಾರಿಗೂ ಹೇಳದೆ ಕಸದ ಜೊತೆ ಗುಡಿಸಿ ಈ ಕೋಣೆಗೆ ತಳ್ಳಿದ್ದಾಳೆಂದು ಸಿದ್ದವ್ವ ಅಂದೇ ತೀರ್ಮಾನ ಮಾಡಿದಳು. ಗುಡಿಸಲಿಗೆ ಹೋಗುವಷ್ಟರಲ್ಲಿ ಅವಳ ಹಿರಿಯ ಮಗಳು ಪಾರವ್ವನ ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಕೂಸು ಹೊಲದಲ್ಲೇ ಹೋಯಿತು. ಅದೇ ಗುಡಿಸಲ ಸಾಲಿನಲ್ಲಿ ವೀರವ್ವನ ಎರಡನೆಯ ಮಗನೂ ಹೋದ. ಸಿದ್ದವ್ವನಿಗೆ ಅದು ತಿಳಿಯದ್ದೇನಲ್ಲ. ‘ಆಕಿಗೂ ಒಂದು ಹೋತು, ದೇವರು ಕುರುಡಲ್ಲ’ ಎಂದು ಅವಳು ಮನಸ್ಸಿನಲ್ಲಿ ಅಂದುಕೊಂಡಳು. ಆ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಮನಸ್ಸಿನಿಂದ ತೆಗೆಯಲೂ ಇಲ್ಲ.

ಊರಿಗೆ ಮರಳಿದ ಮೇಲೆ ಅಣ್ಣತಮ್ಮಂದಿರು ಪಾಲಾದರು. ಪಡಸಾಲೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಒಲೆ ಎರಡಾಯಿತು, ದನ ಎರಡಾದವು. ಎರಡಾಗದೆ ಉಳಿದದ್ದು ಬಚ್ಚಲ ಮೋರಿ ಒಂದೇ. ವೀರವ್ವನ ಬಚ್ಚಲ ನೀರು ಗೋಡೆಯ ಬುಡದ ಕಿಂಡಿಯಿಂದ ಸಿದ್ದವ್ವನ ಬಚ್ಚಲ ಪಕ್ಕದಲ್ಲೇ ಹಾದು ಹಿತ್ತಲಿಗೆ ಇಳಿಯಬೇಕು. ನೆಲದ ಇಳಿಜಾರೇ ಹಾಗಿತ್ತು. ವೀರವ್ವ ತೊಳೆದದ್ದು, ಉಗುಳಿದ್ದು, ಚೆಲ್ಲಿದ್ದು ಎಲ್ಲವೂ ಸಿದ್ದವ್ವನ ಕಣ್ಣ ಮುಂದೆ ಹರಿಯುತ್ತಿತ್ತು.

ಅಂದಿನಿಂದ ಸಿದ್ದವ್ವನಿಗೆ ತೊಳೆಯುವ ರೋಗ ಹತ್ತಿತು. ಮೊದಮೊದಲು ಬೂದಿ, ಸುಣ್ಣ, ಅಂಟವಾಳ, ಸವಳು ಮಣ್ಣು ಸಾಕಾಗುತ್ತಿತ್ತು. ಮಗ ಕರಬಸಪ್ಪ ದೊಡ್ಡವನಾಗಿ ಹುಬ್ಬಳ್ಳಿಗೆ ಎಲೆಯ ಲೆಕ್ಕ ಮಾಡಲು ಹೋಗಿಬರತೊಡಗಿದ ಮೇಲೆ ಒಂದು ಸಲ ಫಿನಾಯಿಲಿನ ಬಾಟಲಿ ತಂದ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಆ ಕರಿ ಎಣ್ಣೆಯನ್ನು ಸಿದ್ದವ್ವ ತೀರ್ಥದ ಹಾಗೆ ಎತ್ತಿಟ್ಟುಕೊಂಡಳು. ವಾಸನೆ ಕಟುವಾದಷ್ಟೂ ಒಳ್ಳೆಯದೆಂಬುದು ಅವಳ ನಂಬಿಕೆ. ಅದರಲ್ಲೂ ಆ ವಾಸನೆ ಮೋರಿಯ ಕಿಂಡಿಯಿಂದ ಆಚೆ ಹೋಗುತ್ತದೆಂದು ತಿಳಿದ ದಿನ ಅವಳಿಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನವಾಯಿತು. ವೀರವ್ವನಿಗೆ ಮೊದಲಿಂದಲೂ ಮಳೆಗಾಲದಲ್ಲಿ ಕಫ ಕಟ್ಟುವ ಎದೆ. ಫಿನಾಯಿಲಿನ ನೀರು ಬಿದ್ದ ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕೆಮ್ಮು ಏಳುತ್ತಿತ್ತು. ಕೆಮ್ಮು ಕೇಳಿದ ಮೇಲೆಯೇ ಸಿದ್ದವ್ವ ಕೊಡ ಕೆಳಗಿಡುತ್ತಿದ್ದಳು.

ಇಬ್ಬರೂ ನೇರ ಮಾತಾಡುತ್ತಿರಲಿಲ್ಲ. ವೀರವ್ವ ತನ್ನ ಆಕಳ ಜೊತೆ ಮಾತಾಡುತ್ತಿದ್ದಳು, ಗೋಡೆಯಾಚೆ ಕೇಳುವಷ್ಟು ಗಟ್ಟಿಯಾಗಿ.

“ನೋಡ ಗೌರಿ, ಕೆಲವರು ನೆಲಾ ತೊಳದ್ರ ಹೊಟ್ಟ್ಯಾಗಿನ ಹೊಲಸು ಹೋಗತೈತಿ ಅಂತ ತಿಳಕೊಂಡಾರ.”

ಸಿದ್ದವ್ವನಿಗೆ ಆಕಳಿರಲಿಲ್ಲ, ಎಮ್ಮೆಯಿತ್ತು. “ಇಲಿ ಗುಡಿಸಿ ಮಂದಿ ಕೋಲ್ಯಾಗ ಹಾಕೂ ಕೈ ಇನ್ನೂ ಸತ್ತಿಲ್ಲಲೇ,” ಎಂದು ಎಮ್ಮೆಗೆ ಉತ್ತರ ಕೊಡುತ್ತಿದ್ದಳು.

ವೀರವ್ವನ ಬಳಿ ಫಿನಾಯಿಲಿರಲಿಲ್ಲ, ಮೆಣಸಿನಕಾಯಿ ಇತ್ತು. ದೃಷ್ಟಿ ತೆಗೆಯುವ ನೆಪದಲ್ಲಿ ಮಂಗಳವಾರ ಶುಕ್ರವಾರ ಗೋಡೆಯ ಪಕ್ಕದಲ್ಲೇ ಕೆಂಡದ ಮೇಲೆ ಒಣಮೆಣಸಿನಕಾಯಿ ಸುಡುತ್ತಿದ್ದಳು. ಗಾಳಿ ಈಚೆ ಬೀಸಿದರೆ ಸಿದ್ದವ್ವನ ಮೊಮ್ಮಕ್ಕಳು ಕಣ್ಣುಜ್ಜಿಕೊಳ್ಳುತ್ತ ಬೀದಿಗೆ ಓಡುತ್ತಿದ್ದವು.

ಆಮೇಲೆ ವಾಂತಿಭೇದಿಯ ವರ್ಷ ಬಂತು. ಊರ ಬಾವಿಗಳಿಗೆ ಬಿಳಿ ಪುಡಿ ಹಾಕಿದರು. ಆರೋಗ್ಯ ಖಾತೆಯವನೊಬ್ಬ ಚಾವಡಿಯ ಮುಂದೆ ನಿಂತು, ಈ ಪುಡಿ ಬಿದ್ದಲ್ಲಿ ಯಾವ ಹುಳವೂ ಉಳಿಯುವುದಿಲ್ಲ ಎಂದ. ಉಳಿದದ್ದನ್ನೂ ಹೇಳಿದ: ಗಾಳಿಯಾಡುವಲ್ಲಿ ಹಾಕಬೇಕು, ಮುಖ ದೂರವಿಡಬೇಕು, ಬೇರೆ ಯಾವುದರ ಜೊತೆಗೂ ಕಲಸಬಾರದು. ಸಿದ್ದವ್ವನಿಗೆ ಮೊದಲ ಮಾತು ಕೇಳಿಸಿತು. ಕರಬಸಪ್ಪನಿಗೆ ಗಂಟುಬಿದ್ದು ಒಂದು ಡಬ್ಬಿ ತರಿಸಿದಳು. ಮುಚ್ಚಳ ತೆಗೆದರೆ ಮೂಗಿನ ಒಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. “ಫಿನಾಯಿಲು ಹೇಳಿ ಕಳಸತೈತಿ, ಇದು ಹೊಡದ ಕಳಸತೈತಿ,” ಎಂದು ಸೊಸೆಗೆ ಹೇಳಿದಳು.

ಸೊಸೆ ಅನ್ನವ್ವ ಹಂಸಭಾವಿಯ ಕಡೆಯವಳು, ಹೆಚ್ಚು ಮಾತಿಲ್ಲದವಳು. ಅತ್ತೆ ಹೇಳಿದ್ದನ್ನು ಮಂಡಿಯೂರಿ ಒರೆಸುತ್ತಿದ್ದವಳು ಅವಳೇ. ಮುಚ್ಚಿದ ಬಚ್ಚಲಲ್ಲಿ ಬಿಸಿನೀರಿಗೆ ಪುಡಿ ಹಾಕಿ ಉಜ್ಜುವಾಗ ಅವಳಿಗೆ ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ.

“ಅತ್ತಿ, ಇದು ಎದಿಗೆ ಹಿಡಿಯಾಕತ್ತೈತ್ರಿ,” ಎಂದಳು ಒಂದು ದಿನ.

“ನಿನ್ನ ವಯಸ್ಸಿನಾಗ ನಾ ಸುಣ್ಣದ ಬುಟ್ಟಿ ಹೊತ್ತೇನಿ. ಎದಿ ಅಂತ ಎದಿ. ಕೆಲಸಕ್ಕ ಅಳಕಿದಾಕಿಗೆ ಮೊದಲು ಎದೀನ ನೋಯತೈತಿ.”

“ನೀವೂ ಕೆಮ್ಮಾಕತ್ತೀರಲ್ರಿ.”

ಅದು ನಿಜವೇ. ಸಿದ್ದವ್ವ ಕೆಮ್ಮುತ್ತಿದ್ದಳು. ಮೊದಲು ಮುಂಜಾನೆ ಮಾತ್ರ, ಆಮೇಲೆ ಮಧ್ಯಾಹ್ನಕ್ಕೂ. ಹಿತ್ತಲ ಬಾವಿಯಿಂದ ಒಂದು ಕೊಡ ತರುವಷ್ಟರಲ್ಲಿ ಎರಡು ಕಡೆ ಕೊಡ ಇಳಿಸಿ ನಿಲ್ಲುತ್ತಿದ್ದಳು. ಮಲಗಿದರೆ ಎದೆಯಲ್ಲಿ ಸಣ್ಣ ಸಿಳ್ಳು. ಸಾರಿಗೆ ಒಗ್ಗರಣೆ ಕೊಟ್ಟರೆ ವಾಸನೆಯೇ ಹತ್ತುತ್ತಿರಲಿಲ್ಲ. ಇಂಗು ಹೆಚ್ಚಾಯಿತೆಂದು ಮಗ ಊಟ ಬಿಟ್ಟು ಎದ್ದಾಗಲೇ ಅವಳಿಗೆ ಅದು ತಿಳಿದದ್ದು. ಇದಕ್ಕೆಲ್ಲ ಅವಳ ಬಳಿ ಒಂದೇ ಕಾರಣವಿತ್ತು.

“ಆಚಿಮನಿಯಾಕಿ ಮೆಣಸಿನಕಾಯಿ ಸುಟ್ಟ ಸುಟ್ಟ ನನ್ನ ಎದಿ ಕೆಡಿಸ್ಯಾಳ,” ಎಂದು ರಮಜಾನಬಿಯ ಮುಂದೆ ಹೇಳಿಕೊಂಡಳು.

ರಮಜಾನಬಿ ಮುಂದಿನ ಪಡಸಾಲೆಯಲ್ಲಿ ಕುಳಿತು ಎಲೆ ಆರಿಸಿ ಕಟ್ಟು ಕಟ್ಟುವ ಹೆಂಗಸು. ಓಣಿಯ ತುದಿಯಲ್ಲೇ ಅವಳ ಮನೆ. ಎರಡೂ ಮನೆಗಳಿಗೆ ಹೋಗಿಬರುವವಳು, ಇಲ್ಲಿಯದನ್ನು ಅಲ್ಲಿ ಹೇಳದವಳು.

“ಆಕಿ ವಾರಕ್ಕ ಎರಡ ಸಲ ಸುಡ್ತಾಳ, ನೀ ದಿನಾ ಮುಂಜಾನಿ ಸಂಜೀಕ ಹಾಕ್ತಿ,” ಎಂದಳು ರಮಜಾನಬಿ ಎಲೆಯಿಂದ ಕಣ್ಣೆತ್ತದೆ. “ಆ ಡಬ್ಬಿ ತಗದಾಗ ನಾ ಇಲ್ಲಿ ಕುಂತಾಕಿಗೆ ಮೂಗು ಉರೀತೈತಿ. ನೀ ಅದರ ಮ್ಯಾಲ ಬಗ್ಗಿ ನಿಂತಿರ್ತಿ.”

“ನಿನಗ ಆಕಿ ಏನ ತಿನ್ನಾಕ ಕೊಟ್ಟಾಳು?”

ರಮಜಾನಬಿ ಕೈಯಲ್ಲಿದ್ದ ಕಟ್ಟನ್ನು ಬಿಗಿದು ಬದಿಗಿಟ್ಟು ಎದ್ದು ಹೋದಳು.

ಆ ಸಲ ಮಳೆ ಹಿಡಿದು ಬಿಡದೆ ಬಂದು ಮೋರಿ ಕಟ್ಟಿಕೊಂಡಿತು. ವೀರವ್ವನ ಬಚ್ಚಲ ನೀರು ಹಿತ್ತಲಿಗೆ ಹೋಗದೆ ಸಿದ್ದವ್ವನ ಬಚ್ಚಲ ಪಕ್ಕದಲ್ಲೇ ನಿಂತು ನಾರತೊಡಗಿತು. ಆಳು ಕರೆಸಿ ತೆಗೆಸೋಣ ಎಂದ ಕರಬಸಪ್ಪ. ಆಚೆಮನೆಯ ಪರಮೇಶಪ್ಪನೂ, ಅಂದರೆ ವೀರವ್ವನ ಮಗನೂ, ಅದಕ್ಕೆ ಒಪ್ಪಿದ್ದ. ಗಂಡಸರಿಬ್ಬರೂ ಎಲೆಪೇಟೆಯಲ್ಲಿ ಒಬ್ಬರಿಗೊಬ್ಬರು ಬೀಡಿ ಕೊಟ್ಟುಕೊಳ್ಳುವಷ್ಟು ಚೆನ್ನಾಗಿದ್ದರು. ಮನೆಗೆ ಬಂದು ಮಾತ್ರ ಅದನ್ನು ಹೇಳುತ್ತಿರಲಿಲ್ಲ. ಆದರೆ ಸಿದ್ದವ್ವನಿಗೆ ಆಳು ಬರುವವರೆಗೆ ತಡೆಯಲಾಗಲಿಲ್ಲ.

ಮುಂಜಾನೆ ಗಂಡಸರು ಪೇಟೆಗೆ ಹೋಗಿದ್ದರು. ಅವಳು ಬಿಳಿ ಪುಡಿಯ ಡಬ್ಬಿಯನ್ನೇ ತಂದು ಮೋರಿಯ ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹಿಡಿಹಿಡಿಯಾಗಿ ಪುಡಿ ಹಾಕಿ, ತೊಗರಿಕಟ್ಟಿಗೆಯಿಂದ ಒಳಕ್ಕೆ ನೂಕಿದಳು. ಮತ್ತೆ ಹಾಕಿದಳು, ಮತ್ತೆ ನೂಕಿದಳು. ಕಿಂಡಿಯ ಆಚೆ ತುದಿಯಲ್ಲಿ ಪುಡಿ ಉದುರಿದ್ದು ಅವಳಿಗೆ ಕೈಯಲ್ಲೇ ಗೊತ್ತಾಯಿತು. ಆಚೆ ಬಚ್ಚಲಲ್ಲಿ ಚೊಂಬು ಕೆಳಗೆ ಬಿದ್ದ ಸದ್ದು.

“ಗೌರೀ, ನೋಡ ಇಲ್ಲಿ,” ಎಂದಿತು ವೀರವ್ವನ ದನಿ. ಆಕಳು ಅಲ್ಲಿರಲಿಲ್ಲ, ಬಚ್ಚಲಲ್ಲಿ ಆಕಳೆಲ್ಲಿಂದ ಬರಬೇಕು. “ನನ್ನ ಜಳಕದ ಕಲ್ಲಿನ ಮ್ಯಾಲ ವಿಷಾ ತಂದು ಸುರಿಯಾಕತ್ತಾರ. ಹಂಗಾರ ನಂದೂ ಒಂದೀಟು ನೋಡಲಿ.”

ಪರಮೇಶಪ್ಪ ಜಳಕದ ಕಲ್ಲಿನ ಪಾಚಿ ತೆಗೆಯಲೆಂದು ಅಕ್ಕಸಾಲಿ ಪತ್ತಾರನ ಹತ್ತಿರ ಬೇಡಿ ತಂದಿಟ್ಟ ತೇಜಾಬಿನ, ಅಂದರೆ ಆಸಿಡ್ಡಿನ, ಬಾಟಲಿ ಆ ಬಚ್ಚಲ ಗೋಡೆಯ ಮಾಡದಲ್ಲಿತ್ತು. ಕಲ್ಲಿಗೆ ಒಂದು ಹನಿ ಬಿದ್ದರೆ ಬುಸ್ಸೆಂದು ನೊರೆ ಬರುವ ನೀರು. ವೀರವ್ವ ಅದನ್ನು ಕಿಂಡಿಯೊಳಗೆ ಬಗ್ಗಿಸಿದಳು. ಇದೆಲ್ಲ ಸಿದ್ದವ್ವನಿಗೆ ತಿಳಿದದ್ದು ಆಮೇಲೆ. ಆಗ ಅವಳಿಗೆ ಕೇಳಿಸಿದ್ದು ಕಿಂಡಿಯೊಳಗೆ ಕಾದ ಬಾಣಲೆಗೆ ನೀರು ಬಿದ್ದಂತಹ ಸದ್ದು. ಕಂಡದ್ದು ಹಸಿರು ಹಳದಿ ಬಣ್ಣದ ಹೊಗೆ. ಅದು ಮೇಲಕ್ಕೆ ಹೋಗದೆ ನೆಲದ ಮೇಲೇ ಹರಿದು ಬಂದು ಬಗ್ಗಿದ್ದ ಅವಳ ಮುಖಕ್ಕೆ ಹತ್ತಿತು.

ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಎದೆಯೊಳಗೆ ಯಾರೋ ಕೆಂಡದ ಬುಟ್ಟಿ ಬೋರಲು ಹಾಕಿದಂತಾಯಿತು. ಎದ್ದು ಓಡಬೇಕೆಂದು ಅವಳಿಗೆ ತಿಳಿಯಿತು, ಕಾಲು ಕೇಳಲಿಲ್ಲ. ಕೂಗಲು ಬಾಯಿ ತೆರೆದರೆ ಇನ್ನಷ್ಟು ಹೊಗೆ. ಗೋಡೆಯಾಚೆ ವೀರವ್ವನ ಕೆಮ್ಮು ಕೇಳಿತು. ಎಷ್ಟೋ ವರ್ಷ ಆ ಕೆಮ್ಮಿಗೆ ಕಿವಿಗೊಟ್ಟು ಕಾದವಳಿಗೆ ಅಂದು ಅದು ಸಂತೋಷ ಕೊಡಲಿಲ್ಲ, ಅದಕ್ಕೆ ಪುರುಸೊತ್ತೂ ಇರಲಿಲ್ಲ.

ಅನ್ನವ್ವ ಸೆರಗನ್ನು ನೀರಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ಬಂದು ಅತ್ತೆಯ ರಟ್ಟೆ ಹಿಡಿದು ದರದರ ಎಳೆದಳು. ಹೊಸ್ತಿಲಿಗೆ ಸಿದ್ದವ್ವನ ಮೊಣಕಾಲು ಒಡೆದು ರಕ್ತ ಬಂತು. ರಮಜಾನಬಿ ಎಲೆ ಚೆಲ್ಲಿ ಆಚೆಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಓಣಿಯವರು ಇಬ್ಬರು ಮುದುಕಿಯರನ್ನೂ ಎಲೆ ಹೇರುವ ಒಂದೇ ಬಂಡಿಯಲ್ಲಿ ಮಲಗಿಸಿದರು. ಇನ್ನೊಂದು ಬಂಡಿ ಯಲವಿಗಿಗೆ ಹೋಗಿತ್ತು.

ದವಾಖಾನೆಯ ಡಾಕ್ಟರು ಧಾರವಾಡದ ಕಡೆಯ ಯುವಕ. ಇಬ್ಬರಿಗೂ ಸೂಜಿ ಹಾಕಿದ. ಒಳಗಿನ ಕೋಣೆಯಲ್ಲಿ ಗಾಳಿ ಸಾಲದೆಂದು ಹೊರಗಿನ ಜಗಲಿಯಲ್ಲೇ ಎರಡು ಮಂಚ ಹಾಕಿಸಿದ. ಜಗಲಿ ಚಿಕ್ಕದು, ಮಂಚಗಳು ಒಂದಕ್ಕೊಂದು ತಾಗಿದವು. ನಡೆದದ್ದನ್ನು ಅನ್ನವ್ವನಿಂದಲೂ ರಮಜಾನಬಿಯಿಂದಲೂ ಕೇಳಿ ತಿಳಿದುಕೊಂಡು, ಮರುದಿನ ಇಬ್ಬರಿಗೂ ತುಸು ಉಸಿರು ಬಂದಾಗ ಎದುರು ನಿಂತ.

“ಪುಡಿ ಒಂದ ಆಗಿದ್ರ ಕೆಮ್ಮತಿದ್ರಿ. ತೇಜಾಬ ಒಂದ ಆಗಿದ್ರ ಕೈ ಸುಡತಿತ್ತು. ಎರಡೂ ಕೂಡಿದ್ರ ಆಗೂ ಹೊಗಿ ಮನಷ್ಯಾರನ್ನ ಕೊಲ್ಲತೈತ್ರಿ. ಹಿಂದಿನ ದೊಡ್ಡ ಯುದ್ಧದಾಗ ಸಿಪಾಯಿಗಳ ಮ್ಯಾಲ ಬಿಟ್ಟಿದ್ದು ಇಂಥಾದ್ದ. ನೀವು ಬಚ್ಚಲದಾಗ ಮಾಡೀರಿ.”

“ಹಾಕಿದಾಕಿ ಆಕಿ,” ಎಂದಳು ಸಿದ್ದವ್ವ, ಒಂದೊಂದು ಮಾತಿಗೆ ಒಂದೊಂದು ಉಸಿರು ಎಳೆದು.

“ಮೊದಲ… ತುರಕಿದಾಕಿ… ಯಾರು?” ಎಂದಳು ವೀರವ್ವ.

ಡಾಕ್ಟರು ನಕ್ಕ. “ಪಾಲಾದ ಮ್ಯಾಲ ನೀವಿಬ್ಬರೂ ಕೂಡಿ ಮಾಡಿದ್ದು ಇದೊಂದ ಕೆಲಸ ಅಂತ ಊರಾಗ ಹೇಳಾಕತ್ತಾರ.” ಆಮೇಲೆ ಸಿದ್ದವ್ವನ ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದ. ಅವನ ಮುಖದ ನಗು ಇಳಿಯಿತು. “ಅವ್ವಾರ, ನಿಮ್ಮ ದಮ್ಮು ನಿನ್ನಿ ಹತ್ತಿದ್ದಲ್ರಿ. ಭಾಳ ದಿನದ ಹಿಂದ ಸುರು ಆಗೈತಿ. ಮುಚ್ಚಿದ ಬಚ್ಚಲದಾಗ ದಿನಾ ಆ ಫಿನಾಯಿಲು, ಆ ಪುಡಿ. ಎದಿ ಒಳಗಿನ ತೊಗಲು ಸುಟ್ಟೈತಿ. ವಯಸ್ಸಾದ ಹೆಣಮಕ್ಕಳ ಎದಿ ಇಂಥಾದ್ದು ತಡಿಯಂಗಿಲ್ರಿ. ಇನ್ನ ಅವನ್ನ ಮನಿಯಾಗ ಇಡಬ್ಯಾಡ್ರಿ. ನೀರು, ಬೂದಿ, ಬಿಸಲು, ಅಷ್ಟ ಸಾಕು.”

“ಬೂದೀಲೆ ಹುಳಾ ಸಾಯತಾವೇನು?”

“ಹುಳಾ ಸಾಯೂಕಿಂತ ಮೊದಲ ನೀವು ಸಾಯತೀರಿ.”

ಡಾಕ್ಟರು ಹೋದ ಮೇಲೆ ಜಗಲಿಯಲ್ಲಿ ಇಬ್ಬರೇ ಉಳಿದರು. ಮುಖ ತಿರುಗಿಸಿಕೊಂಡರೂ ಒಬ್ಬಳ ಸಿಳ್ಳು ಇನ್ನೊಬ್ಬಳಿಗೆ ಕೇಳುತ್ತಿತ್ತು. ಇಲ್ಲಿ ಆಕಳಿರಲಿಲ್ಲ, ಎಮ್ಮೆಯಿರಲಿಲ್ಲ.

“ಆ ಇಲಿ,” ಎಂದಳು ಸಿದ್ದವ್ವ ಕೊನೆಗೆ. ಮೂವತ್ತು ವರ್ಷಗಳಲ್ಲಿ ವೀರವ್ವನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. “ನೀನ ಗುಡಿಸಿ ಹಾಕಿದಿ.”

ವೀರವ್ವ ಸೂರನ್ನೇ ನೋಡುತ್ತಿದ್ದಳು. “ನಾ ಹಾಕಿದ್ರ ನನ್ನ ಬಸಣ್ಣ ಯಾಕ ಸಾಯತಿದ್ದ? ಹಾಂ? ಇಲಿ ನಿನ್ನ ಕೋಲ್ಯಾಗ ಹೋದ್ರ ನನ್ನ ಮಗಾ ಉಳೀಬೇಕಿತ್ತಲ್ಲ?”

“ದೇವರು ನೋಡಿದ.”

ವೀರವ್ವ ತಲೆ ತಿರುಗಿಸಿದಳು. ಅವಳ ಕಣ್ಣುಗಳು ಹೊಗೆಗೆ ಸಿಕ್ಕಿ ಕೆಂಡದಂತೆ ಕೆಂಪಾಗಿದ್ದವು. “ಏನಂದಿ? ನನ್ನ ಕೂಸು ಸತ್ತಿದ್ದಕ್ಕ ನೀ ಇಷ್ಟ ವರ್ಷ ದೇವರಿಗೆ ಕೈ ಮುಗದಿಯೇನ?”

ಸಿದ್ದವ್ವ ಹೊದಿಕೆಯನ್ನು ಮೇಲಕ್ಕೆ ಎಳೆದುಕೊಂಡಳು. ಮನಸ್ಸಿನಲ್ಲಿ ಮುಚ್ಚಿಟ್ಟಾಗ ನ್ಯಾಯದಂತೆ ಕಾಣುತ್ತಿದ್ದ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಬೇರೆಯೇ ಆಗಿ ಕೇಳಿಸಿತು. ಅವಳಿಗೆ ಬಸಣ್ಣನ ಮುಖ ನೆನಪಾಯಿತು. ಮುಂದಿನ ಹಲ್ಲು ಬಿದ್ದಿದ್ದ ಹುಡುಗ. ಪಾರವ್ವನಿಗೆ ಹುಣಸೆಬೀಜ ತಂದು ಕೊಡುತ್ತಿದ್ದವನು. ಆದರೂ ಅವಳು ತಪ್ಪಾಯಿತೆಂದು ಹೇಳಲಿಲ್ಲ. ವೀರವ್ವ ಎದ್ದು ಕುಳಿತು, ಮಂಚದ ಕಾಲನ್ನು ತನ್ನ ಕಾಲಿಂದ ಒದ್ದು, ಎರಡು ಮಂಚಗಳ ನಡುವೆ ಒಂದು ಗೇಣು ಜಾಗ ಮಾಡಿದಳು. ಅಷ್ಟಕ್ಕೇ ಅವಳಿಗೆ ದಮ್ಮು ಏರಿ ಕಂಪೌಂಡರನನ್ನು ಕೂಗಬೇಕಾಯಿತು.

ಮನೆಗೆ ಬಂದ ಸಿದ್ದವ್ವನಿಗೆ ಬಚ್ಚಲಿನ ಮಾಡ ಬರಿದಾಗಿ ಕಂಡಿತು. ಫಿನಾಯಿಲಿನ ಬಾಟಲಿ ಇಲ್ಲ, ಪುಡಿಯ ಡಬ್ಬಿ ಇಲ್ಲ, ಬಟ್ಟೆ ಸೋಡಾದ ಪೊಟ್ಟಣವೂ ಇಲ್ಲ.

“ಎಲ್ಲಿಟ್ಟಿ?” ಎಂದು ಅನ್ನವ್ವನನ್ನು ಕೇಳಿದಳು.

“ಹಿತ್ತಲದಾಗ ಬ್ಯಾರೆ ಬ್ಯಾರೆ ಕುಣಿ ತಗಸಿ ಹುಗಸೇನಿ.”

“ಯಾರನ್ನ ಕೇಳಿ?”

ಅನ್ನವ್ವ ಕಸಬರಿಗೆ ಕೆಳಗಿಟ್ಟಳು. ಅಲ್ಲಿಯವರೆಗೆ ಅತ್ತೆಯ ಎದುರು ಅವಳ ದನಿ ಏರಿದ್ದನ್ನು ಆ ಮನೆ ಕೇಳಿರಲಿಲ್ಲ. “ಯಾರನ್ನೂ ಕೇಳಿಲ್ಲ. ನಿಮ್ಮ ಹಗಿ ನಿಮಗಿರ್ಲಿ ಅತ್ತಿ, ಅದನ್ನ ನಾ ಮಂಡಿ ಊರಿ ಒರಸೇನಿ. ನಿಮಗ ದಮ್ಮು ಅಂತ ಡಾಕ್ಟರು ಹೇಳಿದ. ನನಗ ಹೇಳಾಕ ಯಾರೂ ಬರಲಿಲ್ಲ. ಮುಂಜಾನಿ ಎದ್ದ ಕೂಡಲೆ ನನ್ನ ಎದಿನೂ ಸಿಳ್ಳು ಹಾಕತೈತಿ. ನೀವು ಅದಕ್ಕ ಕೆಲಸಗಳ್ಳಿ ಅಂದ್ರಿ. ಇನ್ನ ಮ್ಯಾಲ ಈ ಮನಿಯಾಗ ಅದು ಬಂದ್ರ ನಾ ಮಕ್ಕಳನ್ನ ಕರಕೊಂಡ ಹಂಸಭಾವಿಗೆ ಹೊಕ್ಕೇನಿ.”

ಸಿದ್ದವ್ವ ಮಗನ ಕಡೆ ನೋಡಿದಳು. ಕರಬಸಪ್ಪ ಚಪ್ಪಲಿ ಮೆಟ್ಟಿ ಪೇಟೆಗೆ ಹೊರಟುಹೋದ. ಹೆಂಡತಿಯ ಪರವೆಂದು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆಳು ಬಂದು ಮೋರಿ ತೆಗೆದ. ಗಂಡಸರಿಬ್ಬರೂ ಸೇರಿ ನೆಲ ಅಗೆದು ವೀರವ್ವನ ನೀರಿಗೆ ಬೇರೆ ದಾರಿ ಮಾಡಿ ಕಿಂಡಿಗೆ ಕಲ್ಲು ಮಣ್ಣು ಮೆತ್ತಿದರು.

ಆಮೇಲಿನ ವರ್ಷಗಳಲ್ಲಿ ಸಿದ್ದವ್ವನ ಲೋಕ ಮುಂದಿನ ಪಡಸಾಲೆಯಷ್ಟಕ್ಕೆ ಇಳಿಯಿತು. ಒದ್ದೆ ಗೋಣಿಯಿಂದ ಅಲ್ಲಿ ಗಾಳಿ ತಂಪಾಗಿರುತ್ತಿತ್ತು. ಎಲೆಗಳಿಗೆ ವಾಸನೆ ಇರುತ್ತದೆಂದು ಅವಳಿಗೆ ನೆನಪಿತ್ತು, ಮೂಗಿಗೆ ಬರುತ್ತಿರಲಿಲ್ಲ. ಕಸ ಹೊಡೆಯುವಾಗ ಅವಳನ್ನು ಕಟ್ಟೆಗೆ ಕೂರಿಸುತ್ತಿದ್ದರು. ಕಟ್ಟೆಯಿಂದಲೇ ಅವಳು, “ಆ ಮೂಲಿ ಬಿಟ್ಟಿ, ಈ ಮೂಲಿ ಬಿಟ್ಟಿ,” ಎಂದು ಒದರುತ್ತಿದ್ದಳು. ಮೂರು ಮೂಲೆ ಹೇಳುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಆಚೆ ಕಟ್ಟೆಯ ಮೇಲೆ ವೀರವ್ವನೂ ಕೂತಿರುತ್ತಿದ್ದಳು. ಥಂಡಿಯ ದಿನಗಳಲ್ಲಿ ಇಬ್ಬರೂ ಒಟ್ಟಿಗೆ ಕೆಮ್ಮುತ್ತಿದ್ದರು. ಆಚೆಯ ಕೆಮ್ಮು ತನ್ನದಕ್ಕಿಂತ ಉದ್ದವಾದ ದಿನ ಸಿದ್ದವ್ವ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಇದನ್ನು ರಮಜಾನಬಿ ಗಮನಿಸಿ ತಲೆ ಅಲ್ಲಾಡಿಸುತ್ತಿದ್ದಳು.

ಎರಡನೆಯ ಮಹಾಯುದ್ಧ ಇನ್ನೂ ಮುಗಿಯದಿದ್ದ ಒಂದು ಮಳೆಗಾಲ ವೀರವ್ವ ಲಿಂಗೈಕ್ಯಳಾದಳು. ಕೊನೆಯ ವಾರ ಕೂತಲ್ಲೇ ಕೂತು, ಮಲಗಲಾರದೆ, ಬಾಯಲ್ಲಿ ಉಸಿರು ಎಳೆಯುತ್ತ ಹೋದಳಂತೆ. ಹೆಣವನ್ನು ವಿಭೂತಿ ಹಚ್ಚಿ ಪಡಸಾಲೆಯಲ್ಲಿ ಕೂರಿಸಿದ್ದರು. ಓಣಿಯೆಲ್ಲ ಅಲ್ಲಿ ನೆರೆದಿತ್ತು. ನೆಗೆಣ್ಣಿ ಬರುತ್ತಾಳೋ ಇಲ್ಲವೋ ಎಂದು ಎಲ್ಲರ ಕಣ್ಣೂ ಸಿದ್ದವ್ವನ ಬಾಗಿಲ ಮೇಲೆ. ಯಾರೂ ಕರೆಯದೆಯೇ ಸಿದ್ದವ್ವ ಎದ್ದಳು. ಅನ್ನವ್ವನ ಭುಜ ಹಿಡಿದು ಕಟ್ಟೆ ಇಳಿದು ಆಚೆಮನೆಯ ಹೊಸ್ತಿಲವರೆಗೆ ಹೋದಳು. ಅಲ್ಲಿಗೆ ನಿಂತಳು.

ಪ್ರಾಣ ಹೋದ ಮೇಲೆ, ಕಾಯಿಲೆಯ ಮನೆಯೆಂದು ಪರಮೇಶಪ್ಪ ಒಳಗೆಲ್ಲ ಫಿನಾಯಿಲು ಸುರಿಸಿದ್ದ. ಸಿದ್ದವ್ವನ ಮೂಗಿಗೆ ಅದು ಹತ್ತಲಿಲ್ಲ, ಎದೆಗೆ ಹತ್ತಿತು. ಒಳಗೆ ವೀರವ್ವ ಗೋಡೆಗೆ ಒರಗಿ, ಬಾಯಿ ತುಸು ತೆರೆದು ಕೂತಿದ್ದಳು. ಸಿದ್ದವ್ವ ಒಂದು ಕಾಲು ಎತ್ತಿದಳು, ಅದನ್ನು ಮತ್ತೆ ಹೊರಗೇ ಇಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡು ತಿರುಗಿದಳು. ಹಿಂದೆ ಗುಸುಗುಸು ಎದ್ದಿತು.

“ನೋಡಿದ್ರೇನು? ಸತ್ತಮ್ಯಾಲೂ ಹೊಸ್ತಲಾ ದಾಟಲಿಲ್ಲ.”

“ಎಂಥಾ ಹಗಿ ಯವ್ವಾ.”

ಸಂಜೆ ರಮಜಾನಬಿ ಕಟ್ಟೆಯ ಮೇಲೆ ಅವಳ ಪಕ್ಕ ಬಂದು ಕೂತಳು. “ವಾಸನಿಗೆ ನಿಂತಿ, ಹೌದಿಲ್ಲೊ? ನಾ ನೋಡಿದೆ, ನಿನ್ನ ತುಟಿ ನೀಲಿ ಆಗಿದ್ವು. ಹೇಳಿಬಿಡು. ಮಂದಿ ಏನೇನರೆ ಅನ್ನಾಕತ್ತಾರ.”

“ಅನ್ನಲಿ,” ಎಂದಳು ಸಿದ್ದವ್ವ. ತುಸು ತಡೆದು, ಉಸಿರು ಕೂಡಿಸಿಕೊಂಡು, “ದಮ್ಮಿಗೆ ಅಂಜಿ ನಿಂತಳು ಅನ್ನಿಸಿಕೊಳ್ಳೂಕಿಂತ ಹಗೀಗೆ ನಿಂತಳು ಅನ್ನಿಸಿಕೊಳ್ಳೂದು ಚಲೊ.”

“ಆಕಿ ಮಣ್ಣಾಗಿ ಹ್ವಾದಳು. ಇನ್ನ ಯಾರ ಸಲುವಾಗಿ ಈ ಹಟಾ?”

ಸಿದ್ದವ್ವ ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಮರುವರ್ಷ ಪರಮೇಶಪ್ಪ ವ್ಯಾಪಾರವನ್ನು ಶಿಗ್ಗಾಂವಿಗೆ ಒಯ್ದ. ಆಚೆಮನೆಗೆ ಬೀಗ ಬಿತ್ತು. ಗೋಡೆಯಾಚೆಯಿಂದ ಕೆಮ್ಮಿಲ್ಲ, ಆಕಳ ಜೊತೆ ಮಾತಿಲ್ಲ, ಮೆಣಸಿನಕಾಯಿಯ ಹೊಗೆಯಿಲ್ಲ. ಸಿದ್ದವ್ವನ ಸಿಟ್ಟೆಲ್ಲ ಅನ್ನವ್ವನ ಮೇಲೆ ತಿರುಗಿತು. ಅನ್ನವ್ವನೂ ಈಗ ಸುಮ್ಮನಿರುತ್ತಿರಲಿಲ್ಲ. ಮಾತಿಗೆ ಮಾತು ಕೊಡುತ್ತಲೇ ಕಷಾಯ ಕುಡಿಸುತ್ತಿದ್ದಳು, ಬೈಯುತ್ತಲೇ ಬೆನ್ನು ಉಜ್ಜುತ್ತಿದ್ದಳು. ಸ್ವಾತಂತ್ರ್ಯ ಬಂದ ಮೇಲೆ ನವಾಬರ ಆಳ್ವಿಕೆ ಮುಗಿದು ಸವಣೂರು ಧಾರವಾಡ ಜಿಲ್ಲೆಗೆ ಸೇರಿದ ಸುದ್ದಿಯನ್ನು ಕರಬಸಪ್ಪ ಬಂದು ಹೇಳಿದಾಗ ಸಿದ್ದವ್ವ, “ಇನ್ನರೆ ಗಟಾರ ತಗಸ್ತಾರೇನು?” ಎಂದಷ್ಟೇ ಕೇಳಿದಳು.

ಆ ಬೇಸಿಗೆಯಲ್ಲೇ ಅವಳೂ ತೀರಿಹೋದಳು. ಎಲೆ ಆರಿಸುವ ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತಿದ್ದಳು. ಲೋಡು ತಗ್ಗಾಯಿತೆಂದು ಸೊಸೆಯ ಜೊತೆ ಜಗಳ ತೆಗೆದಿದ್ದಳು. ಅನ್ನವ್ವ ಇನ್ನೊಂದು ಲೋಡು ತಂದು ಬೆನ್ನಿಗೆ ಕೊಟ್ಟು, “ಈಗರೆ ಆತೇನ್ರಿ?” ಎಂದಳು. ಸಿದ್ದವ್ವ ಆಗಲಿಲ್ಲವೆಂದು ಕೈಯಾಡಿಸಿದಳು. ಅನ್ನವ್ವ ಮತ್ತೊಂದನ್ನು ತರಲೆಂದು ಒಳಗೆ ಹೋದಳು. ತಂದು ಬರುವಷ್ಟರಲ್ಲಿ ಅತ್ತೆಯ ಎದೆಯ ಸಿಳ್ಳು ನಿಂತಿತ್ತು.